ದಿನದ ಚಿಂತನೆ: ಇತ್ಸಿಂಗ್ ಬಿಡಿಸಿದ ಪದ, ಬಿಡಿಸದ ಪದ





ಪಿತ್ತ ಏರಿದೆ, ಬೆನ್ನಲ್ಲಿ ವಾಯು ಹಿಡಿದಿದೆ ಎಂದು ಮನೆಯ ಹಿರಿಯರು ಹೇಳಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಕನ್ನಡ ಬಾರದ ಡಾಕ್ಟರಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ತಡವರಿಸುತ್ತೇವೆ. ವಾಯು ಎಂದರೆ ಬರೀ ಗಾಳಿಯಲ್ಲವಲ್ಲ! ಈ ಕಷ್ಟವನ್ನು 1,300 ವರ್ಷಗಳ ಹಿಂದೆಯೇ ಎದುರಿಸಿದ ಭಿಕ್ಷು ಒಬ್ಬರ ಬದುಕನ್ನು ಇಂದು ತಿಳಿಯೋಣ.

ಇತ್ಸಿಂಗ್ ಹೆಸರನ್ನು ನಾವು ಶಾಲೆಯ ಇತಿಹಾಸದಲ್ಲಿ ಓದಿದ್ದೇವೆ. ಫಾಹಿಯಾನ್, ಹ್ಯೂಯೆನ್ ತ್ಸಾಂಗ್ ಆದ ಮೇಲೆ ಬರುವ ಹೆಸರು. ಅವರು ಹುಟ್ಟಿದ್ದು ಕ್ರಿ.ಶ. 635ರಲ್ಲಿ, ಚೀನಾದಲ್ಲಿ. ಬಾಲ್ಯದಲ್ಲೇ ವಿಹಾರ ಸೇರಿದರು. 671ರಲ್ಲಿ ಹಡಗು ಹತ್ತಿ ಸುಮಾತ್ರಾದ ಶ್ರೀವಿಜಯಕ್ಕೆ ಬಂದು, ಆರು ತಿಂಗಳು ಸಂಸ್ಕೃತ ವ್ಯಾಕರಣ ಕಲಿತರು. 673ರಲ್ಲಿ ಬಂಗಾಳದ ತಾಮ್ರಲಿಪ್ತಿ ತಲುಪಿದರು. ಮುಂದೆ ನಳಂದದಲ್ಲಿ ಸುಮಾರು ಹತ್ತು ವರ್ಷ ಓದಿದರು.

ಅವರು ವೈದ್ಯವನ್ನೂ ಕಲಿತಿದ್ದರು. ಅದು ತಮ್ಮ ವೃತ್ತಿಯಲ್ಲವೆಂದು ಬಿಟ್ಟರೂ ತಮ್ಮ ಪ್ರವಾಸ ಗ್ರಂಥದಲ್ಲಿ ರೋಗ ಮತ್ತು ಔಷಧಕ್ಕೆ ಬೇರೆ ಅಧ್ಯಾಯಗಳನ್ನೇ ಇಟ್ಟರು. ಅಲ್ಲಿ ಅವರ ಮುಂದಿದ್ದ ಪ್ರಶ್ನೆ ಇದು: ಭಾರತದ ವೈದ್ಯರ ಮಾತನ್ನು ಚೀನೀಯರಿಗೆ ಹೇಗೆ ತಿಳಿಸುವುದು? ವಾತ, ಪಿತ್ತ, ಶ್ಲೇಷ್ಮಗಳನ್ನು ಮೊದಲು ಅದೇ ಉಚ್ಚಾರಣೆಯಲ್ಲಿ ಚೀನೀ ಲಿಪಿಯಲ್ಲಿ ಬರೆದರು. ಆಮೇಲೆ ಪಕ್ಕದಲ್ಲಿ ಅಲ್ಲಿನ ಜನರ ಮಾತು ಕೊಟ್ಟರು. ವಾತಕ್ಕೆ ಅವರು ಕೊಟ್ಟ ಸಾಟಿ, ಚೀ ಏರುವುದು. ಚೀನೀ ವೈದ್ಯದಲ್ಲಿ ಚೀ ಎಂದರೆ ಉಸಿರೂ ಹೌದು, ಮೈಯಲ್ಲಿ ಹರಿದಾಡುವ ಶಕ್ತಿಯೂ ಹೌದು. ನಮ್ಮ ವಾತಕ್ಕೆ ಅದು ಹತ್ತಿರದ ಪದ, ಆದರೆ ಅದೇ ಅಲ್ಲ. ಮೂಲ ಪದವನ್ನೂ ಉಳಿಸಿದ್ದರಿಂದ ಓದುವವರಿಗೆ ಆ ಅಂತರ ಮರೆಯಾಗಲಿಲ್ಲ.

ಗಿಡಮೂಲಿಕೆಯದೂ ಇದೇ ತೊಡಕು. ಯಶವಂತಪುರದ ಗ್ರಂಥಿಗೆ ಅಂಗಡಿಯಲ್ಲಿ ಇಂದಿಗೂ ಸಿಗುವ ಅಳಲೆಕಾಯಿ ಆಗಲೂ ಭಾರತದಲ್ಲಿ ಧಾರಾಳವಾಗಿತ್ತು. ಚೀನಾದ ಜಿನ್ಸೆಂಗ್ ಬೇರನ್ನು ಅವರು ಇಲ್ಲಿ ವಿಚಾರಿಸಿದರೆ ಎಲ್ಲೂ ಸಿಗಲಿಲ್ಲ. ವಸ್ತುವೇ ಇಲ್ಲದ ಕಡೆ ಅದಕ್ಕೆ ಹೆಸರು ಎಲ್ಲಿಂದ ತರುವುದು?

ಪದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಅವರ ಗ್ರಂಥದಲ್ಲಿ ಉದಾಹರಣೆ ಇದೆ. ಚೀನಾದ ಕೆಲವು ಕಡೆ ಜನ ಮಲಮೂತ್ರವನ್ನು ಜಾಡಿಯಲ್ಲಿಟ್ಟು, ಡ್ರ್ಯಾಗನ್ ಕಷಾಯ ಎಂಬ ಚಂದದ ಹೆಸರಿಟ್ಟು ಕುಡಿಯುತ್ತಿದ್ದರು. ಇತ್ಸಿಂಗ್ ಇದನ್ನು ಕಟುವಾಗಿ ಖಂಡಿಸಿದರು. ಭಿಕ್ಷುಗಳ ನಾಲ್ಕು ಆಶ್ರಯಗಳಲ್ಲಿ ಕೊನೆಯದು ಪೂತಿಮುತ್ತ ಔಷಧ. ಪಾಲಿಯಲ್ಲಿ ಮುತ್ತ ಎಂದರೆ ಮೂತ್ರವೂ ಆಗುತ್ತದೆ, ಮುಕ್ತ ಅಂದರೆ ಬಿಟ್ಟದ್ದು ಎಂದೂ ಆಗುತ್ತದೆ. ಪಾಲಿ ಪರಂಪರೆ ಮೊದಲ ಅರ್ಥ ಹಿಡಿದು ಹುಳಿತ ಗಂಜಲ ಎಂದಿತು. ಇತ್ಸಿಂಗ್ ಪದವನ್ನು ಬಿಡಿಸಿ, ಪೂತಿ ಎಂದರೆ ಹಳತು, ಮುಕ್ತಿ ಎಂದರೆ ಬಿಟ್ಟದ್ದು, ಒಟ್ಟಿನಲ್ಲಿ ಇತರರು ಹಳತೆಂದು ಬಿಟ್ಟ ಔಷಧ ಎಂದರು. ವಿನಯದಲ್ಲಿ ಒಪ್ಪಿದ್ದು ಕರುವಿನ ಸಗಣಿ, ಹಸುವಿನ ಗಂಜಲವನ್ನಷ್ಟೇ ಎಂದೂ ಬರೆದರು. ಅವರ ಪ್ರಕಾರ ಆ ನಿಯಮದ ಉದ್ದೇಶ ಸರಳ ಜೀವನ, ಹೊಲಸು ತಿನ್ನುವುದಲ್ಲ. ಬೆಲೆಬಾಳುವ ಔಷಧಕ್ಕೂ ಅನುಮತಿ ಇತ್ತು.

695ರಲ್ಲಿ ಅವರು ಸುಮಾರು 400 ಗ್ರಂಥಗಳೊಂದಿಗೆ ಲೊಯಾಂಗ್ ನಗರಕ್ಕೆ ಮರಳಿದರು. ಸಾಮ್ರಾಜ್ಞಿ ವೂ ಸ್ವತಃ ಬಂದು ಸ್ವಾಗತಿಸಿದಳು. 713ರಲ್ಲಿ ತೀರಿಕೊಳ್ಳುವ ಹೊತ್ತಿಗೆ 56 ಗ್ರಂಥಗಳನ್ನು ಅನುವಾದಿಸಿದ್ದರು.

ಬಂಧುಗಳೇ, ಅದೇ ಔಷಧದ ಅಧ್ಯಾಯದಲ್ಲಿ ನಾವು ನಿಂತು ಓದಬೇಕಾದ ಇನ್ನೊಂದು ವಿಷಯವಿದೆ. ಭಾರತದಲ್ಲಿ ಮಲ ಬಾಚುವವರು ಕೋಲು ಬಡಿಯುತ್ತಾ ತಮ್ಮ ಗುರುತು ಹೇಳಿಕೊಂಡು ನಡೆಯಬೇಕು, ಅಪ್ಪಿತಪ್ಪಿ ಅವರು ತಾಗಿದರೆ ಜನ ಬಟ್ಟೆಸಮೇತ ತೊಳೆದುಕೊಳ್ಳುತ್ತಾರೆ ಎಂದು ಇತ್ಸಿಂಗ್ ದಾಖಲಿಸಿದ್ದಾರೆ. ಹೊಲಸಿನಿಂದ ದೂರವಿರಬೇಕು ಅನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ಕೊಟ್ಟಿದ್ದಾರೆ. ಔಷಧದ ಹೆಸರನ್ನು ಅಷ್ಟು ಜತನದಿಂದ ಬಿಡಿಸಿದ ಭಿಕ್ಷು, ಮನುಷ್ಯನಿಗೆ ಅಂಟಿಸಿದ ಹೊಲಸು ಎಂಬ ಪದವನ್ನು ಬಿಡಿಸಿ ನೋಡಲಿಲ್ಲ.

ಅದನ್ನು ಬಿಡಿಸಿದವರು ಬಾಬಾಸಾಹೇಬರು. ಅಸ್ಪೃಶ್ಯರ ಮೂಲದ ಬಗ್ಗೆ 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಚೀನೀ ಯಾತ್ರಿಕರಾದ ಫಾಹಿಯಾನ್, ಹ್ಯೂಯೆನ್ ತ್ಸಾಂಗರ ಬರಹಗಳನ್ನು ಸಾಕ್ಷಿಯಾಗಿ ಪರಿಶೀಲಿಸಿದರು. ಅಶುದ್ಧ ಬೇರೆ, ಅಸ್ಪೃಶ್ಯ ಬೇರೆ ಎಂದು ಎರಡು ಪದಗಳನ್ನು ಬೇರ್ಪಡಿಸಿದರು. ಅಸ್ಪೃಶ್ಯತೆ ಅನಾದಿಯಲ್ಲ, ಇತಿಹಾಸದ ಒಂದು ಕಾಲದಲ್ಲಿ ಹುಟ್ಟಿದ್ದು ಎಂದು ವಾದಿಸಿದರು. ನಮ್ಮ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರಿಸುವುದು ನಿಷೇಧವಾಯಿತು.

ಇತ್ಸಿಂಗರಿಂದ ಕಲಿಯುವುದು ಬಹಳ ಇದೆ. ಪದವನ್ನು ನುಂಗುವ ಮೊದಲು ಬಿಡಿಸಿ ನೋಡಬೇಕು, ಎಷ್ಟೇ ಚಂದದ ಹೆಸರಿರಲಿ. ಅವರು ಬಿಟ್ಟುಹೋದ ಕೆಲಸ ನಮ್ಮದು. ಬೆಳಿಗ್ಗೆ ನಮ್ಮ ಬೀದಿ ಗುಡಿಸಲು ಬರುವ ಅಕ್ಕನನ್ನು ಮಕ್ಕಳು ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ಇಂದು ಕಿವಿಗೊಟ್ಟು ಕೇಳೋಣ. ಸಮ್ಯಕ್ ವಾಚೆ ಅಲ್ಲಿಂದ ಶುರುವಾಗಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.