ಬೀಳಗಿಯಿಂದ ಹೊರಟ ಕಣ್ಣಿನ ಡಾಕ್ಟರ್: ಡಾ. ಎಂ.ಸಿ. ಮೋದಿ

ತಿಮ್ಮಾಪುರ (ಮುಧೋಳ): ಹಳ್ಳಿಯಲ್ಲಿ ಉಚಿತ ಕಣ್ಣು ತಪಾಸಣೆ ಶಿಬಿರದ ಬ್ಯಾನರ್ ಕಟ್ಟಿದರೆ ಈಗ ಅದು ದೊಡ್ಡ ಸುದ್ದಿಯಲ್ಲ. ಬೆಳಿಗ್ಗೆ ಶಾಲೆಯಲ್ಲೋ ಗುಡಿ ಮುಂದಿನ ಕಟ್ಟೆ ಮೇಲೋ ತಪಾಸಣೆ ನಡೆಯುತ್ತೆ. ಪೊರೆ ಬಂದವರನ್ನ ಬಸ್ಸಿನಲ್ಲಿ ಕರಕೊಂಡು ಹೋಗಿ ಆಪರೇಷನ್ ಮಾಡಿಸ್ತಾರೆ, ಒಂದೆರಡು ದಿನದಾಗ ಮನೆಗೆ ವಾಪಸ್. ಸಂಘ ಸಂಸ್ಥೆಯ ಹೆಸರು ಬ್ಯಾನರ್ ಮೇಲೆ ಇರುತ್ತೆ, ಊರಿನ ಹಿರಿಯರು ದೀಪ ಹಚ್ಚುತ್ತಾರೆ, ಮುಗೀತು. ಆದರೆ ಡಾಕ್ಟರೇ ಪೆಟ್ಟಿಗೆ ಕಟ್ಟಿಕೊಂಡು ರೋಗಿಯ ಊರಿಗೆ ಬರಬೇಕು ಅನ್ನುವ ಈ ಪದ್ಧತಿಯನ್ನು ದೇಶದಾಗ ದೊಡ್ಡ ಮಟ್ಟಕ್ಕೆ ಬೆಳೆಸಿದವರು ನಮ್ಮ ಪಕ್ಕದ ಬೀಳಗಿಯವರು. ಹೆಸರು ಮುರುಗಪ್ಪ ಚನ್ನವೀರಪ್ಪ ಮೋದಿ. ಈಗಿನ ಹುಡುಗರಿಗೆ ಮೋದಿ ಅಂದರೆ ಬೇರೆಯವರೇ ನೆನಪಾಗುತ್ತಾರೆ. ಹಿರೀಕರಿಗೆ ಮಾತ್ರ ಮೋದಿ ಅಂದರೆ ಕಣ್ಣಿನ ಡಾಕ್ಟರ್.

ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು. ಆಗ ಬಾಗಲಕೋಟೆ ಜಿಲ್ಲೆ ಅಂತ ಇರಲೇ ಇಲ್ಲ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು, ಅಂದರೆ ಮುಂಬೈ ಪ್ರಾಂತ. ಇತ್ತ ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ, ಅತ್ತ ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ. ನಡುವೆ ಒಂದು ಹೊಳೆ ದಾಟಿದರೆ ಸರ್ಕಾರವೇ ಬೇರೆ ಆಗುವಂಥ ಸೀಮೆ ಇದು. ಹೊಳೆಯ ಯಾವ ದಂಡೆಗೆ ಹೋದರೂ ಹಳ್ಳಿಯವರಿಗೆ ಕಣ್ಣಿನ ಡಾಕ್ಟರ್ ಸಿಗುವುದು ಮಾತ್ರ ಅಪರೂಪವಾಗಿತ್ತು.

ಆ ಕಾಲದಲ್ಲಿ ಕಣ್ಣಿಗೆ ಪೊರೆ ಬಂತು ಅಂದರೆ ವಯಸ್ಸಾಯಿತು ಅಂತ ಸುಮ್ಮನೆ ಕೂತುಬಿಡುತ್ತಿದ್ದರು. ಇಲ್ಲವೇ ಊರೂರು ತಿರುಗುವ ಸೂಜಿಯವರ ಕೈಗೆ ಕಣ್ಣು ಕೊಡುತ್ತಿದ್ದರು. ಅವರು ಸೂಜಿ ಚುಚ್ಚಿ ಪೊರೆಯನ್ನ ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ನಾಲ್ಕು ದಿನ ಬೆಳಕು ಕಾಣೋದು, ಆಮೇಲೆ ಕೀವಾಗಿಯೋ ಒತ್ತಡ ಏರಿಯೋ ಎಷ್ಟೋ ಕಣ್ಣು ಪೂರ್ತಿ ಹೋಗುತ್ತಿದ್ದವು. ಕಣ್ಣು ಹೋದವರ ಸಂಗಡ ಮನೆಯ ಇನ್ನೊಂದು ಜೀವದ ದಿನವೂ ಹೋಗುತ್ತಿತ್ತು. ಮುದುಕನ ಕೋಲು ಹಿಡಿದು ಮುಂದೆ ನಡೆಯುವ ಮೊಮ್ಮಗ ಶಾಲೆ ಬಿಡುತ್ತಿದ್ದ. ಕುರುಡು ಅತ್ತೆಯನ್ನ ನೋಡಿಕೊಳ್ಳುವ ಸೊಸೆಗೆ ಹೊಲದ ಕೂಲಿ ತಪ್ಪುತ್ತಿತ್ತು. ಈ ಲೆಕ್ಕವನ್ನ ಯಾರೂ ಬರೆದಿಟ್ಟಿಲ್ಲ.

ಮುರುಗಪ್ಪನವರು ಬೆಳಗಾವಿಯಲ್ಲಿ ಆಯುರ್ವೇದ ವೈದ್ಯ ಕಲಿತರು. ಮುಂದೆ ಕಣ್ಣಿನ ಶಸ್ತ್ರಚಿಕಿತ್ಸೆ ಹಿಡಿದು ಮುಂಬೈಯಲ್ಲಿ ಸ್ವಂತ ವೃತ್ತಿ ನಡೆಸಿದರು. ಅಲ್ಲೇ ಉಳಿದಿದ್ದರೆ ಒಳ್ಳೆ ಗಳಿಕೆಯ ಡಾಕ್ಟರ್ ಆಗುತ್ತಿದ್ದರು, ಅಷ್ಟೇ. ಆದರೆ 1942ರಲ್ಲಿ ಮುಂಬೈಯಿಂದಲೇ ಚಲೇಜಾವ್ ಚಳವಳಿ ಎದ್ದಿತು. ಗಾಂಧೀಜಿಯ ಕರೆ ಈ ಯುವ ಡಾಕ್ಟರನ್ನೂ ಹಿಡಿಯಿತು. ಜೈಲಿಗೆ ಹೋದವರು ಬಹಳ ಮಂದಿ. ಮೋದಿಯವರು ಹಿಡಿದದ್ದು ಹಳ್ಳಿಯ ದಾರಿ. ಮರುವರ್ಷ, 1943ರಿಂದ, ಅವರ ಉಚಿತ ನೇತ್ರ ಶಿಬಿರಗಳು ಶುರುವಾದವು. ಆಗ ಅವರಿಗೆ ಇಪ್ಪತ್ತೇಳು.

ಆ ಶಿಬಿರ ಹೇಗೆ ನಡೆಯುತ್ತಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಈಗಿನ ಶಿಬಿರ ನೋಡಿದವರಿಗೆ ಅದು ಅಂದಾಜಾಗೋದಿಲ್ಲ. ಆಗ ತಪಾಸಣೆ ಅಷ್ಟೇ ಅಲ್ಲ, ಆಪರೇಷನ್ನೂ ಹಳ್ಳಿಯಲ್ಲೇ. ಶಾಲೆ, ಧರ್ಮಶಾಲೆ, ಛತ್ರಗಳೇ ದವಾಖಾನಿ. ಮೇಜುಗಳನ್ನ ಸಾಲಾಗಿ ಇಡುವುದು. ಒಂದು ಮೇಜಿನ ಮೇಲೆ ಆಪರೇಷನ್ ನಡೆದಾಗ ಮುಂದಿನ ಮೇಜಿನ ರೋಗಿಗೆ ಕಣ್ಣು ಮರಗಟ್ಟಿಸಿ ತಯಾರು ಮಾಡುವುದು. ಡಾಕ್ಟರ್ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುವುದು. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕೊಯ್ದು, ಮಬ್ಬಾದ ಮಸೂರವನ್ನ ಇಡಿಯಾಗಿ ಹೊರತೆಗೆದು, ಪಟ್ಟಿ ಕಟ್ಟಿದರೆ ಡಾಕ್ಟರ ಕೆಲಸ ಮುಗೀತು.

ಊರಿನವರ ಕೆಲಸ ಶುರುವಾಗುತ್ತಿದ್ದದ್ದು ಆಮೇಲೆಯೇ. ಪಟ್ಟಿ ಕಟ್ಟಿದ ರೋಗಿ ದಿನಗಟ್ಟಲೆ ಅಂಗಾತ ಮಲಗಿರಬೇಕು. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ಸೀನಬಾರದು. ಖಟಕ ರೊಟ್ಟಿ ಅಗಿಯೋ ಹಾಗಿಲ್ಲ. ಗಂಜಿ, ಮೆತ್ತನ್ನ ಅನ್ನ ಅಷ್ಟೇ. ತಂಬಾಕು ಬಂದ್. ಉತ್ತರ ಕರ್ನಾಟಕದ ಮುದುಕನಿಗೆ ಜೋಳದ ರೊಟ್ಟಿಯನ್ನೂ ತಂಬಾಕನ್ನೂ ಒಟ್ಟಿಗೇ ಬಿಡಿಸೋದು ಆಪರೇಷನ್‌ಗಿಂತ ಕಠಿಣ ಕೆಲಸ! ಕಣ್ಣು ಕಟ್ಟಿಕೊಂಡು ಮಲಗಿದ ನೂರಾರು ಮಂದಿಗೆ ಉಣಿಸಬೇಕು, ನೀರು ಕುಡಿಸಬೇಕು, ಮಲ ಮೂತ್ರಕ್ಕೆ ನೋಡಿಕೊಳ್ಳಬೇಕು, ರಾತ್ರಿ ನಿದ್ದೆಗಣ್ಣಲ್ಲಿ ಪಟ್ಟಿ ಕಿತ್ತುಕೊಳ್ಳದ ಹಾಗೆ ಕಾವಲು ಇರಬೇಕು. ಇದನ್ನ ಡಾಕ್ಟರ್ ಒಬ್ಬರೇ ಮಾಡಲು ಸಾಧ್ಯವೇ ಇಲ್ಲ. ವರ್ತಕರು, ಮಠಗಳು, ಲಯನ್ಸ್ ಕ್ಲಬ್ಬಿನಂಥ ಸಂಘಗಳು ಕೈಹಚ್ಚಿದ್ದರಿಂದಲೇ ನೇತ್ರ ಶಿಬಿರ ಅನ್ನೋದು ನಮ್ಮ ಕಡೆ ಬೇರು ಬಿಟ್ಟಿತು. ದಾಸೋಹ ಗೊತ್ತಿದ್ದ ನಾಡಿಗೆ ನೂರು ಜನರ ಅಡಿಗೆ ಹೊಸದಲ್ಲ. ಆ ಅಡಿಗೆಯನ್ನ ಆಪರೇಷನ್ ಮೇಜಿನ ಬದಿಗೆ ತಂದದ್ದು ಹೊಸದು.

ಮೋದಿಯವರ ಅಂಕಿಗಳು ಗಿನ್ನೆಸ್ ದಾಖಲೆ ಪುಸ್ತಕ ಸೇರಿದವು. ಒಂದೇ ದಿನ 833 ಪೊರೆ ಆಪರೇಷನ್. 1993ರ ಫೆಬ್ರುವರಿವರೆಗೆ 46,120 ಹಳ್ಳಿಗಳ ಭೇಟಿ, 1,21,18,630 ರೋಗಿಗಳ ತಪಾಸಣೆ, ಒಟ್ಟು 6,10,564 ಆಪರೇಷನ್. ಭಾಷಣದಲ್ಲಿ ಹೇಳೋದು ಯಾವಾಗಲೂ ಆ 833ನ್ನೇ. ಇಪ್ಪತ್ನಾಲ್ಕು ತಾಸು ಎಡೆಬಿಡದೆ ನಿಂತರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗೋದಿಲ್ಲ, ಹೀಗಾಗಿ ಕೇಳಿದವರು ಬೆರಗಾಗೋದು ಸಹಜ.

ಆದರೆ ಉಳಿದ ಎರಡು ಅಂಕಿಯನ್ನ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಚಿತ್ರ ಕಾಣುತ್ತೆ. ನೋಡಿದ ಇಪ್ಪತ್ತು ರೋಗಿಗಳಿಗೆ ಸುಮಾರು ಒಂದು ಆಪರೇಷನ್ನಿನ ಲೆಕ್ಕ. ಮಿಕ್ಕ ಹತ್ತೊಂಬತ್ತು ಮಂದಿ ಕತ್ತರಿ ಬೇಡದವರು, ಇಲ್ಲವೇ ಕತ್ತರಿಯಿಂದ ಉಪಯೋಗ ಆಗದವರು. ಕಣ್ಣು ಬೇನೆಯವರು, ಕಣ್ಣಲ್ಲಿ ಹೂ ಬಿದ್ದವರು, ಕನ್ನಡಕ ಬೇಕಾದವರು, ಇರುಳುಗಣ್ಣಿನ ಮಕ್ಕಳು ಹಳ್ಳಿ ತುಂಬಾ ಇರುತ್ತಿದ್ದ ಕಾಲ ಅದು. ಎ ಜೀವಸತ್ವ ಇಲ್ಲದೆ ಸಂಜೆಯಾದರೆ ತಡವರಿಸುವ ಮಗುವಿಗೆ ಬೇಕಾದದ್ದು ಮೀನೆಣ್ಣೆ, ರಾಜಗಿರಿ, ನುಗ್ಗೆಯಂಥ ತಪ್ಪಲ ಪಲ್ಲೆ. ಅದನ್ನ ಸಮಯಕ್ಕೆ ಹೇಳುವವರಿಲ್ಲದಿದ್ದರೆ ಕಣ್ಣು ಕಾಯಂ ಆಗಿ ಹೋಗುತ್ತಿತ್ತು. ದೇಶದಲ್ಲಿ ಮಕ್ಕಳಿಗೆ ಎ ಜೀವಸತ್ವದ ಹನಿ ಕೊಡುವ ಸರ್ಕಾರಿ ಕಾರ್ಯಕ್ರಮ ಬಂದದ್ದು 1970ರಲ್ಲಿ. ಅಂಧತ್ವ ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 1976ರಲ್ಲಿ. ಅಷ್ಟರೊಳಗೆ ಮೋದಿಯವರ ತಿರುಗಾಟಕ್ಕೆ ಮೂವತ್ತು ವರ್ಷ ದಾಟಿತ್ತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಎದ್ದಿತು.

ಆ ಕಾಲದ ಚಿಕಿತ್ಸೆಗೆ ಒಂದು ಕೊರತೆಯೂ ಇತ್ತು, ಅದನ್ನ ಮುಚ್ಚಿಡಬೇಕಾಗಿಲ್ಲ. ಮಸೂರ ತೆಗೆದ ಮೇಲೆ ಬದಲಿ ಮಸೂರ ಕೂರಿಸುತ್ತಿರಲಿಲ್ಲ. ಹೀಗಾಗಿ ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕವೇ ಗತಿ. ಅದರಲ್ಲಿ ವಸ್ತುಗಳು ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತಿದ್ದವು, ಮಗ್ಗುಲಿಂದ ಬರುವ ಗಾಡಿ ಕಾಣುತ್ತಿರಲಿಲ್ಲ. ಕನ್ನಡಕ ಒಡೆದರೆ ಮತ್ತೆ ಕತ್ತಲೆ. ಹೊಸದು ಮಾಡಿಸಲು ಪೇಟೆಗೆ ಹೋಗಬೇಕು, ರೊಕ್ಕ ಬೇಕು. ಕಣ್ಣೊಳಗೆ ಕೂರಿಸುವ ಮಸೂರವನ್ನ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲು ಹಾಕಿದ್ದು 1949ರಲ್ಲಿ. ಅದು ನಮ್ಮ ಹಳ್ಳಿಯ ಬಡವರ ಕಣ್ಣು ಮುಟ್ಟಲು ನಾಲ್ಕು ದಶಕದ ಮೇಲೇ ಬೇಕಾಯಿತು. ಇನ್ನು ಶಾಲೆ ಕೋಣೆಯಲ್ಲಿ ನೂರಾರು ಆಪರೇಷನ್ ಅಂದರೆ ನಂಜಿನ ಅಪಾಯ ಇದ್ದೇ ಇರುತ್ತೆ. ಒಂದು ಸಲಕರಣೆ ಸರಿಯಾಗಿ ಕುದಿಯದಿದ್ದರೆ ಒಬ್ಬರದಲ್ಲ, ಸಾಲಿನಲ್ಲಿದ್ದ ಹಲವರ ಕಣ್ಣಿಗೆ ಕುತ್ತು. ಈ ಕಾರಣಕ್ಕೇ ಇಂಥ ತಾತ್ಕಾಲಿಕ ಜಾಗದಲ್ಲಿ ಆಪರೇಷನ್ ಮಾಡುವುದು ಬರಬರುತ್ತ ನಿಂತಿತು. ಈಗ ತಪಾಸಣೆ ಹಳ್ಳಿಯಲ್ಲಿ, ಕತ್ತರಿ ಆಸ್ಪತ್ರೆಯಲ್ಲಿ.

ಬದಲಾವಣೆ ಸರಿಯಾದದ್ದೇ. ಆದರೂ ಒಂದು ಮಾತು. ರೋಗಿಯನ್ನ ಬಸ್ಸಿಗೆ ಹತ್ತಿಸಿ ಕಳಿಸಿದ ಮೇಲೆ ಊರಿಗೆ ಅಲ್ಲಿ ಕೆಲಸ ಉಳಿಯೋದಿಲ್ಲ. ರಾತ್ರಿ ಕಾವಲು ಕೂತ ಹುಡುಗರು, ಗಂಜಿ ಕುದಿಸಿದ ಹೆಣ್ಣುಮಕ್ಕಳು ಶಿಬಿರದಿಂದ ಹೊರಗಾದರು, ಉಳಿದದ್ದು ಬ್ಯಾನರ್. ಬಸ್ಸು ಬಂದ ದಿನ ಕರಕೊಂಡು ಹೋಗುವವರಿಲ್ಲದ ಒಂಟಿ ಮುದುಕಿ ಈಗಲೂ ಮನೆಯಲ್ಲೇ ಉಳಿಯುತ್ತಾಳೆ. ಆಪರೇಷನ್ ಆದವರಿಗೆ ಹೊತ್ತಿಗೆ ಸರಿಯಾಗಿ ಹನಿ ಹಾಕುವವರು ಬೇಕು, ಮರುತಪಾಸಣೆಗೆ ಕರೆದೊಯ್ಯುವವರು ಬೇಕು. ಊರಿನ ಸಂಘಗಳು ಮನಸ್ಸು ಮಾಡಿದರೆ ಆ ಕೆಲಸ ಇನ್ನೂ ಅಲ್ಲೇ ಕಾದಿದೆ.

ಮೋದಿಯವರು 2005ರ ನವೆಂಬರ್ 11ರಂದು ತೀರಿಕೊಂಡರು. ಎಂಬತ್ತೊಂಬತ್ತು ವರ್ಷದ ಬಾಳು, ಅದರಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಳ್ಳಿಗಳ ಹಾದಿ. ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆ ಕಡೆಗೆ ಹೋದವರಿಗೆ ಮೋದಿ ಆಸ್ಪತ್ರೆ ರಸ್ತೆ ಅನ್ನುವ ಹೆಸರು ಇವತ್ತಿಗೂ ಸಿಗುತ್ತೆ. ಆ ಹೆಸರಿನ ಹಿಂದಿರುವ ಊರು ನಮ್ಮ ಬೀಳಗಿ.