ರಬ್ಬರಿನ ವಿಮಾನ ಹಾರಿಸಿದ ಪೆನೋ

ರೈಟ್ ಸಹೋದರರ ಹೆಸರು ನಮಗೆಲ್ಲ ಗೊತ್ತು. ಅವರಿಗಿಂತ ಮೊದಲೇ ಪುಟ್ಟ ವಿಮಾನ ಮಾಡಿ ಹಾರಿಸಿದ ಅಲ್ಫೋನ್ಸ್ ಪೆನೋ ಅವರ ಬಗ್ಗೆ ನಾನು ಬರೆಯುತ್ತಿದ್ದೇನೆ.

ಪೆನೋ 1850ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆ ನೌಕಾಪಡೆಯ ದೊಡ್ಡ ಅಧಿಕಾರಿ. ಮಗನಿಗೂ ಅದನ್ನೇ ಸೇರುವ ಆಸೆ. ಆದರೆ ಸೊಂಟದ ಕೀಲಿನ ರೋಗದಿಂದ ನಡೆಯುವುದೇ ಕಷ್ಟವಾಯ್ತು. ಆ ಆಸೆ ಬಿಟ್ಟು ಹಾರುವ ಯಂತ್ರಗಳ ಅಭ್ಯಾಸಕ್ಕೆ ಕುಳಿತರು.

ಆಗ ಹಗುರವಾದ ಇಂಜಿನ್ ಇರಲಿಲ್ಲ. ಪೆನೋ ಒಂದು ಕಡ್ಡಿಗೆ ರಬ್ಬರ್ ಕಟ್ಟಿ ಹುರಿ ಮಾಡಿದರು. ಹುರಿ ಬಿಚ್ಚಿಕೊಳ್ಳುವಾಗ ಹಿಂದಿನ ಫ್ಯಾನು ಗರಗರ ತಿರುಗಿ ವಿಮಾನವನ್ನು ಮುಂದಕ್ಕೆ ತಳ್ಳುತ್ತಿತ್ತು. ಅದರ ತೂಕ ಬರೀ 16 ಗ್ರಾಂ! ನಾವು ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡ್ತೀವಲ್ಲ, ಹಂಗ ಹಗುರ ಅಂತ ತಿಳ್ಕೋರಿ. ಬಾಲದ ಮುಂದಿನ ಅಂಚನ್ನು ತುಸು ತಗ್ಗಿಸಿದ್ದರು. ಮೂತಿ ಕೆಳಗಾದರೆ ಗಾಳಿ ಬಾಲವನ್ನು ಒತ್ತುತ್ತಿತ್ತು, ಮೂತಿ ತಾನೇ ಮೇಲೇಳುತ್ತಿತ್ತು. 1871ರ ಆಗಸ್ಟ್ 18ರಂದು ಪ್ಯಾರಿಸ್‌ನ ಟ್ವೀಲರಿ ತೋಟದಲ್ಲಿ, ಪಂಡಿತರ ಎದುರಿಗೆ, ಅದು 11 ಸೆಕೆಂಡು ಹಾರಿತು.

1876ರಲ್ಲಿ ಪಾಲ್ ಗೋಶೋ ಎಂಬ ಮೆಕ್ಯಾನಿಕ್ ಜೊತೆ ಸೇರಿ, ಇಬ್ಬರು ಕೂಡುವ ದೊಡ್ಡ ವಿಮಾನದ ನಕ್ಷೆ ಬರೆದು ಪೇಟೆಂಟ್ ಪಡೆದರು. ಮಡಚುವ ಚಕ್ರಗಳೂ ಅದರಲ್ಲಿದ್ದವು. ಆದರೆ ಕಟ್ಟಲು ಯಾರೂ ರೊಕ್ಕ ಕೊಡಲಿಲ್ಲ. ನಿರಾಶರಾಗಿ 1880ರಲ್ಲಿ, 30ನೇ ವಯಸ್ಸಿನಲ್ಲೇ ತೀರಿಕೊಂಡರು.

ಅದಕ್ಕೂ ಮೊದಲು, 1878ರಲ್ಲಿ, ಅಮೆರಿಕದ ಒಬ್ಬ ತಂದೆ ತಮ್ಮ ಮಕ್ಕಳಿಗೆ ಪೆನೋ ಮಾದರಿಯ ರಬ್ಬರಿನ ಹಾರುವ ಆಟಿಕೆ ತಂದುಕೊಟ್ಟಿದ್ದರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್! 1903ರಲ್ಲಿ ಅವರ ವಿಮಾನ ಹಾರಿತು. ನೋಡಲು ಪೆನೋ ಇರಲಿಲ್ಲ. ಆಟಿಗಿ ಸಾಮಾನು ಅಂತ ಯಾವುದನ್ನೂ ಹೀಯಾಳಿಸಬಾರದು ಅಂತ ನನಗನಸ್ತದ.