ಕಲಬುರಗಿಯ ಶರಣಬಸವೇಶ್ವರರು

ಶರಣಬಸವೇಶ್ವರರು (1746–1822) ಕಲ್ಯಾಣ ಕರ್ನಾಟಕದ ಪ್ರಸಿದ್ಧ ವೀರಶೈವ-ಲಿಂಗಾಯತ ಶರಣರು. ಹಸಿದು ಬಂದವರಿಗೆ ಜಾತಿ, ಕುಲ, ಊರುಗಳನ್ನು ಕೇಳದೆ ಅನ್ನವಿಕ್ಕುವುದನ್ನೇ ಬದುಕಿನ ಸಾಧನೆಯನ್ನಾಗಿ ಮಾಡಿಕೊಂಡದ್ದರಿಂದ ಅವರು ಮಹಾದಾಸೋಹಿ ಎಂದು ಹೆಸರಾಗಿದ್ದಾರೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಅವರು ಬಾಳಿನ ಉತ್ತರಾರ್ಧವನ್ನು ಕಲಬುರಗಿಯಲ್ಲಿ ಕಳೆದು ಅಲ್ಲಿಯೇ ಲಿಂಗೈಕ್ಯರಾದರು. ಅವರ ಸಮಾಧಿಯ ಸುತ್ತ ಬೆಳೆದ ಗುಡಿ, ದಾಸೋಹ ಮನೆ, ಕೆರೆಯ ಪರಿಸರ ಮತ್ತು ವಿದ್ಯಾಸಂಸ್ಥೆಗಳು ಇಂದು ನಗರದ ನಡುಭಾಗದ ಗುರುತುಗಳಾಗಿವೆ.

ಹಿನ್ನೆಲೆ

ಹದಿನೆಂಟನೆಯ ಶತಮಾನದಲ್ಲಿ ಕಲಬುರಗಿ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ರಾಜಧಾನಿಯಾಗಿದ್ದ ಈ ಊರು, ರಾಜಧಾನಿ ಬೀದರಿಗೆ ಹೋದ ಮೇಲೆ ತನ್ನ ಹಿಂದಿನ ವೈಭವವನ್ನು ಕಳೆದುಕೊಂಡಿತ್ತು. ಸುತ್ತಲಿನ ಹಳ್ಳಿಗಳ ಬದುಕು ಎರೆ ನೆಲವನ್ನೂ ಮಳೆಯನ್ನೂ ನೆಚ್ಚಿಕೊಂಡಿತ್ತು. ಹಿಂಗಾರಿಯ ಬಿಳಿಜೋಳ ಇಲ್ಲಿನ ಮುಖ್ಯ ಆಹಾರಧಾನ್ಯ. ತೊಗರಿ ಮತ್ತು ಕಡಲೆ ಅದಕ್ಕೆ ಜೊತೆಯಾದ ಕಾಳುಗಳು. ಮಳೆ ಕೈಕೊಟ್ಟ ವರ್ಷ ಹಗೇವಿನಲ್ಲಿದ್ದ ಜೋಳವೇ ಮನೆಯನ್ನು ಕಾಯಬೇಕಾಗಿತ್ತು. 1791–92ರ ಹೊತ್ತಿಗೆ ದಖ್ಖನ್ನಿನ ಬಹುಭಾಗವನ್ನು ಆವರಿಸಿದ ದೋಜಿ ಬರವು ಶರಣಬಸವೇಶ್ವರರ ಜೀವಿತಕಾಲದಲ್ಲಿಯೇ ಸಂಭವಿಸಿತು. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದುದರಿಂದ ಆ ಬರಕ್ಕೆ ಈ ಹೆಸರು ಬಂದಿತೆಂದು ಹೇಳಲಾಗುತ್ತದೆ. ಇಂಥ ನಾಡಿನಲ್ಲಿ ಒಂದು ಸೇರು ಜೋಳವನ್ನು ಪರರಿಗೆ ಕೊಡುವುದೆಂದರೆ ಮುಂಬರುವ ದಿನಗಳ ತನ್ನ ಆಸರೆಯನ್ನೇ ಕೊಟ್ಟಂತೆ ಆಗುತ್ತಿತ್ತು. ಶರಣಬಸವೇಶ್ವರರ ದಾಸೋಹದ ಬೆಲೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ದಾಸೋಹದ ಪರಿಕಲ್ಪನೆಯು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಮುಂದಾಳುತನದಲ್ಲಿ ನಡೆದ ಶರಣ ಚಳವಳಿಯಿಂದ ಬಂದುದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ನಿಲ್ಲುತ್ತಾನೆ. ದಾಸೋಹದಲ್ಲಿ ಕೊಡುವವನು ತಾನೇ ದಾಸನೆಂದು ಭಾವಿಸುತ್ತಾನೆ. ದುಡಿಮೆಯಿಂದ ಬಂದುದು ಸಮಾಜದ ಸೊತ್ತು, ಅದನ್ನು ಸಲ್ಲಿಸುವುದು ತನ್ನ ಕರ್ತವ್ಯ ಎಂಬುದು ಅದರ ತಿರುಳು. ಆದ್ದರಿಂದ ಕಾಯಕವಿಲ್ಲದೆ ದಾಸೋಹವಿಲ್ಲ. ಶರಣಬಸವೇಶ್ವರರು ಈ ತತ್ತ್ವವನ್ನು ಹೊಲದಲ್ಲಿ ಮತ್ತು ಅಡುಗೆಮನೆಯಲ್ಲಿ ನಡೆಸಿ ತೋರಿಸಿದರು.

ಜನನ ಮತ್ತು ಮನೆತನ

ಶರಣಬಸವೇಶ್ವರರು 1746ರಲ್ಲಿ ಅರಳಗುಂಡಗಿಯಲ್ಲಿ ಜನಿಸಿದರು. ತಂದೆ ಮಲಕಪ್ಪ, ತಾಯಿ ಸಂಗಮ್ಮ. ಅವರ ಗುರುವಿನ ಹೆಸರು ಮರುಳಾರಾಧ್ಯರು. ಶರಣಬಸವೇಶ್ವರರು ಸಂಸಾರವನ್ನು ತ್ಯಜಿಸಿದವರಲ್ಲ. ಮಹಾದೇವಿಯವರನ್ನು ಮದುವೆಯಾಗಿ, ಕೂಡುಕುಟುಂಬದಲ್ಲಿದ್ದುಕೊಂಡು, ಬಿತ್ತಿ ಬೆಳೆಯುವ ಒಕ್ಕಲುತನವನ್ನೇ ತಮ್ಮ ಕಾಯಕವೆಂದು ಸ್ವೀಕರಿಸಿದರು. ಮನೆಗೆ ಬಂದ ಜಂಗಮರನ್ನೂ ದಾರಿಹೋಕರನ್ನೂ ಉಣಿಸುವ ಕಾರ್ಯದಲ್ಲಿ ಮಹಾದೇವಿಯವರು ಸಮಭಾಗಿಯಾಗಿದ್ದರು. ರೊಟ್ಟಿ ಊಟದ ಸೀಮೆಯಲ್ಲಿ ದಾಸೋಹದ ಭಾರ ಹೊಲದಷ್ಟೇ ಒಲೆಯ ಮೇಲೆಯೂ ಬೀಳುತ್ತದೆ. ಜೋಳ ಹಸನು ಮಾಡಿ ಬೀಸುವುದು, ಹಿಟ್ಟು ನಾದುವುದು, ಒಂದೊಂದೇ ರೊಟ್ಟಿ ಬಡಿದು ಹೆಂಚಿನ ಮೇಲೆ ಸುಡುವುದು ಹೊತ್ತು ಹಿಡಿಯುವ ಕೆಲಸಗಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಊಟವಿಕ್ಕುವ ಮನೆಯಲ್ಲಿ ಒಲೆಗೆ ಬಿಡುವಿರಲಿಲ್ಲ.

ಹೊಲದಲ್ಲಿ ಹಕ್ಕಿಗಳ ಪಾಲು

ಶರಣಬಸವೇಶ್ವರರ ಬಗೆಗಿನ ಜನಪದ ಕಥನಗಳಲ್ಲಿ ಅತ್ಯಂತ ಪ್ರಚಲಿತವಾದುದು ಹಕ್ಕಿಗಳ ಪ್ರಸಂಗ. ಜೋಳ ತೆನೆ ಹಿಡಿದು ಕಾಳು ಹಾಲುಗಟ್ಟುವ ಹೊತ್ತಿಗೆ ಗುಬ್ಬಿ, ಗಿಳಿಗಳ ಹಿಂಡು ಹೊಲಕ್ಕೆ ಇಳಿಯುತ್ತದೆ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಅವುಗಳನ್ನು ಓಡಿಸುವುದು ಒಕ್ಕಲಿಗರ ವಾಡಿಕೆ. ಹೊಲ ಕಾಯಲು ಹೋದ ಶರಣಬಸವೇಶ್ವರರು ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟರು. ತಿಂದ ಮೇಲೆ ಬಾಯಾರೀತೆಂದು ನೀರನ್ನೂ ಇಟ್ಟರು. ಬೆಳೆ ಹಾಳಾಯಿತೆಂದು ಕೇಳಿ ಮನೆಯವರು ಕಳವಳಗೊಂಡರು. ಆದರೆ ಕಣದಲ್ಲಿ ರಾಶಿ ಮಾಡಿದಾಗ ಆ ಹೊಲದಿಂದ ಎಂದಿಗಿಂತ ಹೆಚ್ಚು ಜೋಳ ಬಂದಿತೆಂದು ಕಥನವು ಮುಗಿಯುತ್ತದೆ.

ಭಕ್ತರು ಇದನ್ನು ಪವಾಡವೆಂದು ನಂಬುತ್ತಾರೆ. ಸೀಮೆಯ ಬೇಸಾಯದ ಆಚರಣೆಗಳೊಡನೆ ಇಟ್ಟು ನೋಡಿದರೆ ಕಥೆಗೆ ಇನ್ನೊಂದು ಅರ್ಥವೂ ಕಾಣುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಇಲ್ಲಿನ ಒಕ್ಕಲು ಮನೆತನಗಳು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬುಗಳ ಬುತ್ತಿಯನ್ನು ಹೊಲಕ್ಕೆ ಒಯ್ದು, ತಾವು ಉಣ್ಣುವ ಮೊದಲು ಬೆಳೆಗೆ ಚರಗ ಚೆಲ್ಲುತ್ತವೆ. ಹೊಲದ ಫಲದಲ್ಲಿ ಭೂಮಿಗೂ ಪಾಲಿದೆ ಎಂಬುದು ಈ ಆಚರಣೆಯ ಆಶಯ. ವರ್ಷಕ್ಕೊಮ್ಮೆ ನಡೆಯುವ ಈ ನಡೆಯನ್ನು ಶರಣಬಸವೇಶ್ವರರು ದಿನನಿತ್ಯದ ನಿಯಮವಾಗಿಸಿಕೊಂಡರೆಂದು ಹಕ್ಕಿಗಳ ಕಥೆಯನ್ನು ಅರ್ಥೈಸಬಹುದು.

ಮನೆಯ ಒಡಕು

ದಾಸೋಹವು ಮನೆಯಲ್ಲಿ ನೆಮ್ಮದಿಯನ್ನು ಮಾತ್ರ ತರಲಿಲ್ಲ. ಕೂಡುಕುಟುಂಬದ ಧಾನ್ಯವು ಎಲ್ಲ ಅಣ್ಣತಮ್ಮಂದಿರ ದುಡಿಮೆಯ ಫಲ. ಅದನ್ನು ಒಬ್ಬರು ಅಳತೆಯಿಲ್ಲದೆ ಇಕ್ಕುತ್ತ ಹೋದಾಗ ಉಳಿದವರಿಗೆ ಅಸಮಾಧಾನ ಉಂಟಾಯಿತು. ಮಾತು ಬೆಳೆದು ಕಡೆಗೆ ಪಾಲಾಗಬೇಕಾಯಿತೆಂದು ಪರಂಪರೆಯ ಚರಿತ್ರೆಗಳು ಹೇಳುತ್ತವೆ. ಭಕ್ತಿಕಥನಗಳು ಸಹೋದರರನ್ನು ಲೋಭಿಗಳಂತೆ ಚಿತ್ರಿಸುವುದುಂಟು. ಆದರೆ ಮಳೆ ನಂಬಿ ಬದುಕುವ ಮನೆಯಲ್ಲಿ ಹಗೇವಿನ ಜೋಳದ ಲೆಕ್ಕವಿಡುವುದು ಮಕ್ಕಳುಮರಿಗಳ ಹೊಟ್ಟೆಯ ಪ್ರಶ್ನೆಯೂ ಆಗಿತ್ತು. ಪಾಲಾದ ಮೇಲೆ ಶರಣಬಸವೇಶ್ವರರ ದಾಸೋಹಕ್ಕೆ ಅವರ ಸ್ವಂತ ಹೊಲದ ಬೆಳೆಯೇ ಆಧಾರವಾಯಿತು. ಪರರ ಪಾಲಿನಿಂದ ಕೊಡುತ್ತಾರೆಂಬ ಆಕ್ಷೇಪಕ್ಕೆ ಎಡೆಯಿಲ್ಲದಂತಾಯಿತು. ಕೊರತೆ ಬಂದರೆ ಹಂಚಿಕೊಳ್ಳುವವರೂ ಇಲ್ಲದಾದರು.

ಊರು ಬಿಟ್ಟದ್ದು

ಮಹಾದೇವಿಯವರು ತೀರಿಕೊಂಡ ಬಳಿಕ ಶರಣಬಸವೇಶ್ವರರು ಅರಳಗುಂಡಗಿಯನ್ನು ತೊರೆದರು. ಹೊಲ, ಮನೆ, ಬಂಧುಗಳನ್ನು ಬಿಟ್ಟು ಹೊರಟ ಅವರು ಭೀಮಾ ನದಿಯನ್ನು ದಾಟಿ ಬಂದು, ಜೇವರ್ಗಿ–ಕಲಬುರಗಿ ಹಾದಿಯಲ್ಲಿರುವ ಫರಹತಾಬಾದಿನಲ್ಲಿ ತಂಗಿದರು. ಅವರ ಹಿರಿಮೆಯನ್ನು ಅರಿತ ಆದಿ ದೊಡ್ಡಪ್ಪಗೌಡರು ಅವರನ್ನು ಕಲಬುರಗಿಗೆ ಬರಮಾಡಿಕೊಂಡರು. ಗೌಡರ ಆಶ್ರಯದಲ್ಲಿ ನೆಲೆನಿಂತ ಶರಣಬಸವೇಶ್ವರರು ಅಲ್ಲಿ ದಾಸೋಹವನ್ನು ಮುಂದುವರಿಸಿದರು. ಅರಳಗುಂಡಗಿಯಲ್ಲಿ ಒಂದು ಮನೆಯ ಕಾರ್ಯವಾಗಿದ್ದ ದಾಸೋಹವು ಕಲಬುರಗಿಯಲ್ಲಿ ಊರಿನ ಕಾರ್ಯವಾಯಿತು. ಇಕ್ಕುವವರೊಬ್ಬರು, ಉಣ್ಣುವವರು ಹಲವರು ಎಂಬ ಸ್ಥಿತಿ ಬದಲಾಗಿ, ಸುತ್ತಲಿನ ಹಳ್ಳಿಗಳ ಒಕ್ಕಲಿಗರು ತಮ್ಮ ರಾಶಿಯಲ್ಲಿ ಒಂದು ಭಾಗವನ್ನು ದಾಸೋಹಕ್ಕೆಂದು ತೆಗೆದಿಡುವ ರೂಢಿ ಬೆಳೆಯಿತು.

ದಾಸೋಹ ಮತ್ತು ಸೀಮೆಯ ಊಟ

ಶರಣಬಸವೇಶ್ವರರನ್ನು ನೆನೆಯುವ ಊಟವು ಈ ಸೀಮೆಯ ಒಕ್ಕಲು ಮನೆಗಳ ಊಟವೇ ಆಗಿದೆ. ಬಿಳಿಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ನುಚ್ಚು, ಅಂಬಲಿಗಳು ಇಲ್ಲಿನ ನಿತ್ಯದ ಆಹಾರ. ಹಬ್ಬಹರಿದಿನಗಳಲ್ಲಿ ಗೋಧಿ ಹುಗ್ಗಿ, ಹೋಳಿಗೆ, ಮಾದಲಿಗಳು ಸೇರುತ್ತವೆ. ಪುಂಡಿಸೊಪ್ಪಿನ ಹುಳಿಗೆ ಬೇಳೆ ಮತ್ತು ಜೋಳದ ನುಚ್ಚನ್ನು ಕೂಡಿಸಿ ಬೇಯಿಸುವ ಪುಂಡಿಪಲ್ಯವು ಬಡವರ ಮನೆಯಲ್ಲೂ ಉಳ್ಳವರ ಮನೆಯಲ್ಲೂ ರೊಟ್ಟಿಗೆ ಜೊತೆಯಾಗುತ್ತದೆ. ತಿಂಗಳುಗಟ್ಟಲೆ ಕೆಡದಂತೆ ಒಣಗಿಸಿದ ಕಟಕ ರೊಟ್ಟಿಯನ್ನು ದೂರದ ಯಾತ್ರೆಗೆ ಬುತ್ತಿ ಕಟ್ಟುವ ವಾಡಿಕೆ ಇಂದಿಗೂ ಇದೆ.

ಈ ಸೀಮೆಯ ಬೆಳೆಗಳಿಗೆ ನಂತರದ ಕಾಲದಲ್ಲಿ ಹೊರಗಿನ ಮನ್ನಣೆಯೂ ದೊರೆತಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೂ ಅದೇ ಮಾನ್ಯತೆ ಇದೆ.

ಲಿಂಗೈಕ್ಯ ಮತ್ತು ದೇವಸ್ಥಾನ

ಶರಣಬಸವೇಶ್ವರರು 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿಯಿರುವ ಸ್ಥಳವೇ ಈಗಿನ ದೇವಸ್ಥಾನದ ಗರ್ಭಗುಡಿ. ಅಲ್ಲಿ ಗುರು ಮರುಳಾರಾಧ್ಯರು ಮತ್ತು ಶಿಷ್ಯ ಶರಣಬಸವೇಶ್ವರರ ಜೋಡುಮೂರ್ತಿ ಇದೆ. ಗುರುವು ಶಿಷ್ಯನನ್ನು ಹರಸುತ್ತಿರುವಂತೆ ಇದನ್ನು ರೂಪಿಸಲಾಗಿದೆ. ಗುಡಿಯ ಸಮೀಪದ ವಿಶಾಲವಾದ ಕೆರೆಯನ್ನು ಶರಣಬಸವೇಶ್ವರ ಕೆರೆ ಎಂದೂ ಅಪ್ಪನ ಕೆರೆ ಎಂದೂ ಕರೆಯುತ್ತಾರೆ.

ಶರಣರ ನಂತರ ಆದಿ ದೊಡ್ಡಪ್ಪನವರು ದಾಸೋಹದ ಹೊಣೆ ಹೊತ್ತರು. ಅವರಿಂದ ಆರಂಭವಾದ ಪೀಠಪರಂಪರೆಯು ಶರಣಬಸವೇಶ್ವರ ಮಹಾದಾಸೋಹ ಪೀಠವೆಂದು ಹೆಸರಾಗಿದೆ. ಈ ಪರಂಪರೆಯ ಪೀಠಾಧಿಪತಿಗಳು ಗೃಹಸ್ಥರಾಗಿರುವುದು ಶರಣರ ಬದುಕಿನ ಮಾದರಿಗೆ ಅನುಗುಣವಾಗಿದೆ.

ಜಾತ್ರೆ ಮತ್ತು ಪರುಷ ಬಟ್ಟಲು

ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ ನಡೆಯುತ್ತದೆ. ಹಿಂಗಾರಿಯ ಜೋಳದ ಸುಗ್ಗಿ ಮುಗಿದು ಹಳ್ಳಿಗಳಲ್ಲಿ ಬಿಡುವು ಸಿಗುವ ಕಾಲವದು. ಕರ್ನಾಟಕವಲ್ಲದೆ ನೆರೆಯ ಮಹಾರಾಷ್ಟ್ರ ಮತ್ತು ತೆಲಂಗಾಣಗಳಿಂದಲೂ ಭಕ್ತರು ಬರುತ್ತಾರೆ. ತೇರು ಎಳೆಯುವಾಗ ಉತ್ತತ್ತಿ ಮತ್ತು ಬಾಳೆಹಣ್ಣುಗಳನ್ನು ಎಸೆದು ಹರಕೆ ಸಲ್ಲಿಸುತ್ತಾರೆ. ಜಾತ್ರೆಯ ಬಯಲಿನಲ್ಲಿ ಬೆಂಡು-ಬತ್ತಾಸು, ಚುರುಮುರಿ, ಮಿರ್ಚಿ ಭಜಿಗಳ ಅಂಗಡಿಗಳು ಸಾಲುಗಟ್ಟುತ್ತವೆ.

ರಥೋತ್ಸವದ ದಿನ ಪೀಠಾಧಿಪತಿಗಳು ಪರುಷ ಬಟ್ಟಲನ್ನು ಎತ್ತಿ ನೆರೆದವರಿಗೆ ತೋರಿಸುವುದು ಉತ್ಸವದ ಮುಖ್ಯ ಘಟ್ಟ. ಭಕ್ತರ ನಂಬಿಕೆಯಲ್ಲಿ ಇದು ಶರಣರ ಪ್ರಸಾದದ ಬಟ್ಟಲು. ಪರುಷವೆಂದರೆ ಮುಟ್ಟಿದ ಲೋಹವನ್ನು ಚಿನ್ನವಾಗಿಸುವ ಮಣಿ. ಖಡ್ಗ, ಕಿರೀಟ, ಸಿಂಹಾಸನಗಳ ಬದಲು ಉಣ್ಣುವ ಬಟ್ಟಲೊಂದು ಪೂಜೆಯ ಕುರುಹಾಗಿ ಉಳಿದಿರುವುದು ಈ ಪರಂಪರೆಯ ವೈಶಿಷ್ಟ್ಯ.

ನಗರದ ನೆನಪಿನಲ್ಲಿ

ಇದೇ ನಗರದಲ್ಲಿ ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾ ಇದೆ. ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಶರಣಬಸವೇಶ್ವರರು ಲಿಂಗೈಕ್ಯರಾದುದು ಸರಿಯಾಗಿ ನಾನೂರು ವರ್ಷಗಳ ಬಳಿಕ. ಒಂದೆಡೆ ಉರುಸು, ಇನ್ನೊಂದೆಡೆ ತೇರು ಊರಿನ ವರ್ಷದ ಎರಡು ದೊಡ್ಡ ನೆರವಿಗಳಾಗಿವೆ. ಎರಡೂ ಕಡೆ ಹಿಂದೂ ಮುಸ್ಲಿಮರೆನ್ನದೆ ಜನ ಸೇರುವುದನ್ನು ನಗರದ ಸೌಹಾರ್ದಕ್ಕೆ ನಿದರ್ಶನವಾಗಿ ಹೇಳಲಾಗುತ್ತದೆ.

ಶ್ರಾವಣ ಮಾಸದಲ್ಲಿ ಸುತ್ತಲಿನ ಹಳ್ಳಿಗಳಿಂದ ಭಕ್ತರು ಕಾಲ್ನಡಿಗೆಯಲ್ಲಿ ಗುಡಿಗೆ ಬರುತ್ತಾರೆ. ನಗರವು ಹೊರಕ್ಕೆ ಹಬ್ಬಿದಂತೆ, ಒಂದು ಕಾಲಕ್ಕೆ ಬೇರೆ ಬೇರೆಯಾಗಿದ್ದ ತಾಜಸುಲ್ತಾನಪುರದಂಥ ಊರುಗಳು ಅದರ ಅಂಚಿಗೆ ಬಂದು ಸೇರಿವೆ. ಹೊಲಗಳಿದ್ದ ಕಡೆ ಬಡಾವಣೆಗಳು ಎದ್ದಿವೆ. ಒಕ್ಕಲುತನ ಬಿಟ್ಟು ನೌಕರಿ, ವ್ಯಾಪಾರಗಳಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಜೋಳ, ಕಣ, ರಾಶಿಗಳ ಬದುಕಿನ ನೆನಪನ್ನು ಉಳಿಸಿಕೊಟ್ಟಿರುವ ತಾಣಗಳಲ್ಲಿ ಶರಣರ ಗುಡಿಯೂ ಒಂದು.

ವಿದ್ಯಾದಾಸೋಹ

ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪನವರು ಅನ್ನದಾಸೋಹದ ಜೊತೆಗೆ ವಿದ್ಯಾದಾಸೋಹವನ್ನು ಕೈಗೊಂಡು 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ನಿಜಾಮರ ಆಡಳಿತದಲ್ಲಿ ಉರ್ದು ರಾಜ್ಯಭಾಷೆಯಾಗಿದ್ದ ಆ ಕಾಲದಲ್ಲಿ ಈ ಭಾಗದ ಕನ್ನಡ ಮಕ್ಕಳಿಗೆ ವಿದ್ಯಾಭ್ಯಾಸದ ಅವಕಾಶಗಳು ವಿರಳವಾಗಿದ್ದವು. ಮುಂದೆ ಸಂಘವು ಶಾಲೆಗಳಿಂದ ತಾಂತ್ರಿಕ ಮಹಾವಿದ್ಯಾಲಯದವರೆಗೆ ಬೆಳೆಯಿತು. 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಆರಂಭವಾಯಿತು. ತನ್ನ ಪಾಲಿನ ಜೋಳವನ್ನು ಹಕ್ಕಿಗಳಿಗೂ ಹಸಿದವರಿಗೂ ಬಿಟ್ಟುಕೊಟ್ಟ ಒಬ್ಬ ಒಕ್ಕಲಿಗರ ಹೆಸರಿನಲ್ಲಿ ಇಂದು ಈ ಸೀಮೆಯ ಮಕ್ಕಳು ಪದವಿ ಪಡೆಯುತ್ತಿದ್ದಾರೆ.